ಹನ್ನೊಂದನೇ ಪ್ರಶ್ನೆ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು. ಅವತ್ತು ಬೆಳಿಗ್ಗೆ ಅದು ಮೂಗನ್ನೂ ದಾಟಿ ಹೊರಗೆ ಬಂದಿತ್ತು. ನಮ್ಮ ಪ್ರಯೋಗಕ್ಕೆ ಮೂವತ್ತು ಜನ ಆರೋಗ್ಯವಂತರು ಬೇಕು, ಇಪ್ಪತ್ತೊಂಬತ್ತು ಜನರದು ಮುಗಿದಿತ್ತು. ಮೂವತ್ತನೆಯವನು ಒಬ್ಬ ದರ್ಜಿ. ಒಂಬತ್ತು ಗಂಟೆಗೆ ಫೋನ್ ಮಾಡಿ, "ತಲೆಗೆ ಕರೆಂಟ್ ಕೊಡ್ತೀರಂತೆ, ಮನೆಯವಳು ಬೇಡ ಅಂತಿದ್ದಾಳೆ" ಅಂದು ಇಟ್ಟುಬಿಟ್ಟ. ಮರುದಿನ ಯಂತ್ರ ಬೇರೆ ವಿಭಾಗಕ್ಕೆ ಹೋಗುವುದಿತ್ತು. ಒಬ್ಬ ಕಮ್ಮಿಯಾದರೆ ಎಂಟು ತಿಂಗಳ ಕೆಲಸ ನೀರಿನಲ್ಲಿ ಹೋಮ.

ತಂತಿ ಚುಚ್ಚಿ ಕರೆಂಟ್ ಬಿಡುವ ಕೆಲಸವೇನೂ ನಮ್ಮದಲ್ಲ. ಎಂಟರ ಅಂಕಿಯ ಹಾಗೆ ಸುತ್ತಿದ ಒಂದು ಕಾಯಿಲನ್ನು ತಲೆಯ ಹೊರಗೆ, ಕೂದಲಿಗೆ ತಾಗಿಸಿ ಹಿಡಿಯುತ್ತೇವೆ. ಅದು ಟಕ್ ಅಂದಾಗ ಅಯಸ್ಕಾಂತದ ಮಿಡಿತವೊಂದು ಬುರುಡೆ ದಾಟಿ, ಮೆದುಳಿನಲ್ಲಿ ಕೈಯನ್ನು ಆಡಿಸುವ ಜಾಗವನ್ನು ತಟ್ಟುತ್ತದೆ. ಕೂತವರು ಸುಮ್ಮನಿದ್ದರೂ ಹೆಬ್ಬೆರಳು ತಾನಾಗಿ ಜಿಗಿಯುತ್ತದೆ. ಹಾಗೆ ತಟ್ಟಿದ ಮೇಲೆ, ದಿನವಿಡೀ ಬೆರಳಿನ ಕೆಲಸ ಮಾಡುವವರು ಹೊಸ ಕೈಚಳಕವನ್ನು ಇನ್ನೂ ಬೇಗ ಕಲಿಯುತ್ತಾರೆಯೇ ಅನ್ನುವುದು ನಮ್ಮ ಡಾಕ್ಟರಮ್ಮನ ಪ್ರಶ್ನೆ. ಆಕೆಗೆ ಇನ್ನೂ ಮೂವತ್ತು ತುಂಬಿಲ್ಲ. ನಾನು ಟೆಕ್ನಿಷಿಯನ್, ಕಾಯಿಲ್ ಹಿಡಿದು ಹನ್ನೆರಡು ವರ್ಷವಾಯಿತು.

ನನಗೆ ಹೊಳೆದದ್ದು ನನ್ನ ತಮ್ಮ. ಅವನನ್ನು ಮನೆಯಲ್ಲಿ ಉಡ ಅಂತ ಕರೆಯುತ್ತೇವೆ. ಚಿಕ್ಕವನಿದ್ದಾಗ ಏನನ್ನಾದರೂ ಹಿಡಿದುಕೊಂಡರೆ ಬಿಡಿಸಲು ಇಬ್ಬರು ಬೇಕಾಗುತ್ತಿತ್ತು. ಈಗ ಟವರ್ ಕ್ರೇನ್ ಆಪರೇಟರ್. ಹದಿನೈದು ಮಹಡಿ ಎತ್ತರದ ಕ್ಯಾಬಿನ್ನಿನಲ್ಲಿ ಕೂತು, ಎರಡು ಸಣ್ಣ ಹಿಡಿಗಳನ್ನು ಬೆರಳಲ್ಲಿ ಆಡಿಸಿ, ಟನ್ನುಗಟ್ಟಲೆ ಕಬ್ಬಿಣ ಎತ್ತಿ ಇಳಿಸುತ್ತಾನೆ. ಗಾಳಿ ಜೋರಾಗಿದೆ ಅಂತ ಅವತ್ತು ಕ್ರೇನ್ ನಿಲ್ಲಿಸಿದ್ದರು.

"ಬೇಡ ಅಕ್ಕ, ಬೇರೆ ಯಾರನ್ನಾದ್ರೂ ಕರಿ," ಅಂದ ಫೋನಿನಲ್ಲಿ.

"ಮನೇಲಿ ಬಿದ್ಕೊಂಡಿದ್ದೀಯ ತಾನೆ? ಅರ್ಧ ಗಂಟೇಲಿ ಇಲ್ಲಿರ್ಬೇಕು."

"ತಲೆ ವಿಷಯ ಕಣಕ್ಕ."

"ಅದು ಇದ್ದೋರಿಗೆ ತಾನೆ ಹೆದರಿಕೆ, ನಿನಗೇನು?"

ಅವನು ನಗಲಿಲ್ಲ. ಆದರೂ ಬಂದ. ನನ್ನ ಮಾತನ್ನು ತೆಗೆದುಹಾಕಿ ಅವನಿಗೆ ಅಭ್ಯಾಸವಿಲ್ಲ. ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ, ನನಗೆ ಹದಿಮೂರು. ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು.

ಕಾಯಿಲ್ ಮುಟ್ಟುವ ಮೊದಲು ಹದಿನಾಲ್ಕು ಪ್ರಶ್ನೆಗಳ ಒಂದು ಹಾಳೆ ಇರುತ್ತದೆ. ತಲೆಯೊಳಗೆ ಲೋಹವಿದೆಯೇ, ಮಾತ್ರೆ ತಗೊಳ್ಳುತ್ತೀರಾ, ನಿದ್ದೆ ಕೆಟ್ಟಿದೆಯೇ ಇತ್ಯಾದಿ. ಒಂದೊಂದನ್ನೂ ಗಟ್ಟಿಯಾಗಿ ಓದಬೇಕು, ಬಂದವರು ತಮ್ಮ ಬಾಯಲ್ಲೇ ಉತ್ತರ ಹೇಳಬೇಕು, ಆಮೇಲೆ ಗುರುತು ಹಾಕಬೇಕು. ಹೊಸದಾಗಿ ಸೇರಿದವರಿಗೆ ಇದನ್ನು ಬೈದು ಬೈದು ಕಲಿಸಿದವಳು ನಾನೇ. ಅವತ್ತು ನಾನು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಇಲ್ಲ, ಇಲ್ಲ, ಇಲ್ಲ ಅಂತ ಒಂದೇ ಉಸಿರಿಗೆ ಗೀಚುತ್ತಾ ಹೋದೆ. ಅವನಿಗೆ ಬಂದ ದಡಾರದಿಂದ ಹಿಡಿದು ಬಿದ್ದ ಮೊದಲ ಹಲ್ಲಿನವರೆಗೆ ನನಗೆ ಗೊತ್ತಿಲ್ಲದ್ದು ಯಾವುದಿತ್ತು?

ಹನ್ನೊಂದನೆಯದಕ್ಕೆ ಬಂದಾಗ ಅವನು ಬಗ್ಗಿ ಹಾಳೆ ನೋಡಿದ. "ಅಕ್ಕ, ಇದು..." ಅಂದ.

"ಬಾಯಿ ಮುಚ್ಕೊಂಡು ಕೂತ್ಕೋ. ನಿನ್ನ ಚರಿತ್ರೆ ನೀನು ನನಗೆ ಹೇಳ್ಬೇಕಾ?"

ಅವನು ಬಾಯಿ ಮುಚ್ಚಿಕೊಂಡು ಕೂತ.

ಬಲಗೈಯ ಹೆಬ್ಬೆರಳಿಗೆ, ಮಣಿಕಟ್ಟಿಗೆ, ಮುಂಗೈಗೆ ಸ್ಟಿಕ್ಕರ್ ಅಂಟಿಸಿದೆ. ಸ್ನಾಯು ಮಿಡಿದರೆ ಪರದೆಯ ಮೇಲೆ ಗೆರೆ ಏಳುತ್ತದೆ. ಬೇರೆಯವರಿಗೆ ಯಂತ್ರದ ಶಕ್ತಿ ಐವತ್ತರ ಹತ್ತಿರ ಹೋಗಬೇಕು, ಇವನ ಹೆಬ್ಬೆರಳು ಮೂವತ್ತೊಂದಕ್ಕೇ ಎದ್ದಿತು. ಅಲ್ಲೇ ನಿಲ್ಲಿಸಿ ಡಾಕ್ಟರಮ್ಮನನ್ನು ಕೇಳಬೇಕಿತ್ತು. ನಾನು ಮಾತ್ರ, ನಮ್ಮ ಹುಡುಗನ ಕೈ ಎಷ್ಟು ಚುರುಕು ನೋಡಿ ಅಂತ ಒಳಗೊಳಗೇ ಬೀಗಿದೆ.

ಆಮೇಲೆ ಸಾಲು ಮಿಡಿತ ಶುರು. ಒಂದು ಸಲಕ್ಕೆ ಎರಡು ಸೆಕೆಂಡು, ಟಕಟಕಟಕ, ಮತ್ತೆ ಬಿಡುವು. ಮೊದಲನೆಯದು, ಎರಡನೆಯದು, ಮೂರನೆಯದು ಸರಿಯಾಗಿ ಹೋದವು. ನಾಲ್ಕನೆಯದು ಮುಗಿಯಿತು, ಯಂತ್ರ ಸುಮ್ಮನಾಯಿತು. ಹೆಬ್ಬೆರಳು ಸುಮ್ಮನಾಗಲಿಲ್ಲ.

ಕಾಯಿಲ್ ತೆಗೆದು ಕೆಂಪು ಗುಂಡಿ ಒತ್ತಿದೆ. ಪರದೆಯಲ್ಲಿ ಮಣಿಕಟ್ಟಿನ ಗೆರೆ ಎದ್ದಿತು, ಅದರ ಹಿಂದೆಯೇ ಮುಂಗೈಯದು. ಕೈ ಮೊಣಕೈವರೆಗೂ ಅದುರತೊಡಗಿತು.

"ಉಡಾ, ನನ್ನ ನೋಡೋ. ನನ್ನ ನೋಡು."

ಅವನ ಕಣ್ಣು ನನ್ನ ಕಡೆಗಿತ್ತು, ಅವನು ಅದರಲ್ಲಿ ಇರಲಿಲ್ಲ. ಗಂಟಲು ಹರಿಯುವ ಹಾಗೆ ಡಾಕ್ಟರಮ್ಮನನ್ನು ಕೂಗಿದೆ. ಕುರ್ಚಿ ಹಿಂದಕ್ಕೆ ಮಲಗಿಸಿ ಅವನನ್ನು ಮಗ್ಗುಲಿಗೆ ತಿರುಗಿಸಲು ಹೋದರೆ ಆಗುತ್ತಿಲ್ಲ. ಅವನ ಬಲಗೈ ಕುರ್ಚಿಯ ಕೈಯನ್ನು ಹಿಡಿದುಬಿಟ್ಟಿತ್ತು. ಒಂದೊಂದೇ ಬೆರಳನ್ನು ನನ್ನ ಎರಡೂ ಕೈಯಿಂದ ಬಿಡಿಸಿದೆ. ಒಂದು ಬಿಡಿಸುವಷ್ಟರಲ್ಲಿ ಇನ್ನೊಂದು ಕಚ್ಚಿಕೊಳ್ಳುತ್ತಿತ್ತು.

ಇಪ್ಪತ್ತು ಸೆಕೆಂಡು ಅಂತ ಆಮೇಲೆ ಯಂತ್ರ ತೋರಿಸಿತು. ನನ್ನ ಪಾಲಿಗೆ ಅದು ಮುಗಿಯುವ ಹಾಗೇ ಇರಲಿಲ್ಲ.

ಅವನು ಕಣ್ಣುಜ್ಜಿಕೊಂಡು, "ಮುಗೀತಾ?" ಅಂದಾಗ ನನಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು. ಡಾಕ್ಟರಮ್ಮ ನಾಡಿ, ರಕ್ತದೊತ್ತಡ ನೋಡಿ, ಕಣ್ಣಿಗೆ ಟಾರ್ಚು ಬಿಟ್ಟು, ಹತ್ತು ನಿಮಿಷ ಅವನ ಜೊತೆ ಮಾತಾಡಿದಳು. ಅವನು ಸರಿಯಾಗೇ ಉತ್ತರ ಕೊಟ್ಟ.

"ಈ ಥರ ಹಿಂದೆ ಯಾವತ್ತಾದ್ರೂ ಆಗಿತ್ತಾ?" ಅಂತ ಕೇಳಿದಳು.

ಅವನು ನನ್ನ ಮುಖ ನೋಡಿದ. "ಇಲ್ಲ."

"ಹಾಗಾದ್ರೆ ಯಂತ್ರದಿಂದ ಆಗಿದ್ದು ಅಂತ ಬರೀತೀವಿ. ತುಂಬ ಅಪರೂಪ, ಆದ್ರೂ ಆರೋಗ್ಯವಾಗಿರೋರಿಗೂ ಆಗಬಹುದು. ಕಾಯಿಲೆ ಅಂತೇನಲ್ಲ. ಸ್ವಲ್ಪ ದಿನ ಬಿಟ್ಟು ಕೆಲಸಕ್ಕೆ ಹೋಗಬಹುದು."

"ಹಿಂದೆ ಆಗಿದ್ರೆ?" ಅಂತ ನಾನು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

"ಆಗ ಲೆಕ್ಕಾನೇ ಬೇರೆ. ಎಲ್ಲ ಪರೀಕ್ಷೆ ಮುಗಿದು ಗುಣ ಆಗೋವರೆಗೂ ಕ್ರೇನ್ ಹತ್ತೋ ಹಾಗಿಲ್ಲ. ಪ್ರಾಯಶಃ ಮತ್ತೆಂದೂ ಇಲ್ಲ." ದೊಡ್ಡ ಡಾಕ್ಟರಿಗೆ ಫೋನ್ ಮಾಡಲು ಅವಳು ಪಕ್ಕದ ಕೋಣೆಗೆ ಹೋದಳು. ಗಾಜಿನ ಬಾಗಿಲಾಚೆ ಅವಳ ಬೆನ್ನು ಕಾಣುತ್ತಿತ್ತು.

"ಹೇಳು," ಅಂದೆ.

"ಏನು ಹೇಳ್ಲಿ?"

"ನನ್ನ ಹತ್ರ ಆಟ ಆಡ್ಬೇಡ. ಕೆನ್ನೆಗೆ ಬಾರಿಸ್ತೀನಿ."

ಅವನು ತಲೆ ತಗ್ಗಿಸಿದ. "ಎರಡು ತಿಂಗಳಾಯ್ತು. ಮೇಲೆ, ಕ್ಯಾಬಿನ್ನಲ್ಲಿ. ಎಚ್ಚರ ಆದಾಗ ನಾಲಿಗೆ ಕಚ್ಕೊಂಡಿದ್ದೆ. ಕಬ್ಬಿಣದ ಕಟ್ಟು ಹಾಗೇ ನೇತಾಡ್ತಿತ್ತು. ಕೆಳಗೆ ಆರು ಜನ. ನಿದ್ದೆ ಹೊಡೀತಿದ್ದೀಯ ಅಂತ ರೇಡಿಯೋದಲ್ಲಿ ಉಗೀತಿದ್ರು."

"ಮನೇಲಿ ಹೇಳಿದ್ಯಾ?"

"ಯಾರಿಗೂ ಇಲ್ಲ. ಇಲ್ಲಿ ಆ ಪ್ರಶ್ನೆ ನೋಡಿ ಹೇಳೋಣ ಅಂತ ಬಾಯಿ ತೆಗ್ದೆ. ನೀನು ಮುಚ್ಚಿಸ್ದೆ. ಒಳ್ಳೇದೇ ಆಯ್ತು ಬಿಡಕ್ಕ. ಅವ್ರೇ ಯಂತ್ರದ್ದು ಅಂತಿದ್ದಾರೆ, ಹಾಗೇ ಇರ್ಲಿ. ನೀನು ಕೇಳದೆ ಗುರುತು ಹಾಕಿದ್ದು ಗೊತ್ತಾದ್ರೆ ನಿನ್ನ ಕೆಲಸಾನೂ ಹೋಗುತ್ತೆ. ನನಗೆ ಬೇರೆ ಏನು ಬರುತ್ತೆ ಹೇಳು? ಇಪ್ಪತ್ತು ವರ್ಷದಿಂದ ಅದೊಂದೇ ಮಾಡಿದ್ದೀನಿ. ಮಗಳಿಗೆ ಇನ್ನೂ ಎಂಟು ವರ್ಷ."

ಸುಳ್ಳು ಹೇಳುವುದಿಲ್ಲ, ಅವನು ಹೇಳಿದ ಹಾಗೇ ಇದ್ದುಬಿಡೋಣ ಅನಿಸಿತು. ಅವನು ನನ್ನ ತಮ್ಮ. ಆ ಆರು ಜನರ ಮುಖ ನಾನು ನೋಡಿಲ್ಲ.

"ಕಬ್ಬಿಣ ಯಾಕೆ ಬೀಳಲಿಲ್ಲ?" ಅಂತ ಕೇಳಿದೆ.

"ಹಿಡಿಯಿಂದ ಕೈ ಬಿಟ್ರೆ ಕ್ರೇನ್ ತಾನಾಗೇ ನಿಲ್ಲುತ್ತೆ. ಕೈ ಬಿಟ್ಟೋಗಿತ್ತು, ಪುಣ್ಯಕ್ಕೆ."

ನಾನು ಕುರ್ಚಿಯ ಕೈಯನ್ನು ನೋಡಿದೆ. ಅದರ ರೆಕ್ಸಿನ್ನಿನಲ್ಲಿ ಅವನ ನಾಲ್ಕು ಉಗುರಿನ ಗುರುತು ಇಳಿದಿತ್ತು. ಅವನೂ ಅದನ್ನು ನೋಡಿದ.

ಡಾಕ್ಟರಮ್ಮ ಹಾಳೆ ಹಿಡಿದು ಒಳಗೆ ಬಂದಳು. "ಇಲ್ಲಿ ಸೈನ್ ಬಿಟ್ಟುಹೋಗಿದೆ, ಹಾಕಿಬಿಡಿ," ಅಂತ ಅವನ ಕೈಗೆ ಪೆನ್ನು ಕೊಟ್ಟಳು. 'ಮೇಲಿನ ಉತ್ತರಗಳನ್ನು ನಾನೇ ಹೇಳಿದ್ದೇನೆ' ಅಂತ ಕೆಳಗೆ ಅಚ್ಚಾಗಿತ್ತು. ಅವನು ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

ನಾನು ಪೆನ್ನು ಕಿತ್ತುಕೊಂಡೆ. "ಮೇಡಂ, ಈ ಗುರುತು ಎಲ್ಲ ನಾನು ಹಾಕಿದ್ದು. ಇವನನ್ನು ಒಂದೂ ಕೇಳಿಲ್ಲ."

"ಅಕ್ಕ, ಬೇಡ," ಅಂದ ಅವನು.

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ಬೈದರೆ ಬೈಯಲಿ ಅಂತ ಕಾದೆ. ಅವಳು ಬೈಯಲಿಲ್ಲ, ಬೀರುವಿನಿಂದ ಒಂದು ಹೊಸ ಹಾಳೆ ತೆಗೆದು ನನ್ನ ಮುಂದಿಟ್ಟಳು. ನಾನು ಕುರ್ಚಿ ಎಳೆದು ತಮ್ಮನ ಎದುರಿಗೆ ಕೂತೆ. ಮೊದಲ ಪ್ರಶ್ನೆಯಿಂದ ಶುರು ಮಾಡಿದೆ. ಹುಟ್ಟಿದಾಗಿನಿಂದ ಅವನನ್ನು ನೀನು ಅಂದವಳು, ಬೇರೆಯವರಿಗೆ ಓದುವ ಹಾಗೆ ನೀವು ಅಂತ ಓದಿದೆ. ಅವನು ಹತ್ತಕ್ಕೂ ಇಲ್ಲ ಅಂದ, ಧ್ವನಿ ಬರಬರುತ್ತಾ ಸಣ್ಣದಾಯಿತು.

"ಹನ್ನೊಂದು. ನೀವು ಯಾವಾಗಲಾದರೂ ಪ್ರಜ್ಞೆ ತಪ್ಪಿದ್ದೀರಾ?"

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಅವನು ಇಲ್ಲ ಅಂದರೆ ಇಲ್ಲ ಅಂತಲೇ ಬರೆಯಬೇಕಾಗಿತ್ತು.

"ಹೌದು," ಅಂದ.

"ಎಷ್ಟು ಸಲ?" ಅಂತ ಓದಿ, ಅವನು ಬಾಯಿ ತೆರೆಯುವ ಮೊದಲೇ ಒಂದು ಅಂತ ಬರೆದುಬಿಟ್ಟೆ.

"ನಾಲ್ಕು," ಅಂದ ನನ್ನ ತಮ್ಮ. "ಕಡೇ ಸಲ ಹೋದ ಸೋಮವಾರ. ಅವ್ರೆಲ್ಲ ಊಟಕ್ಕೆ ಹೋಗಿದ್ರು ಅಕ್ಕ, ಅದಕ್ಕೇ ಕೆಳಗೆ ಯಾರೂ ಇರ್ಲಿಲ್ಲ."

ನಾನು ಒಂದನ್ನು ಹೊಡೆದುಹಾಕಿ, ಪಕ್ಕದಲ್ಲಿ ನಾಲ್ಕು ಬರೆದೆ.