ಎರಡು ಚೀಲ ಪಚ್ಚಿಲೆ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಏಳು ಗಂಟೆ. ನಾರ್ವೆಯ ಉತ್ತರದ ಕೊಲ್ಲಿಯೊಂದರಲ್ಲಿ, ತಾಮ್ರದ ಗಣಿಯ ಕೊಳವೆ ಕೆಸರು ಸುರಿಯುವ ಜಾಗದಲ್ಲಿ, ಅಲ್ಲಿನ ಮೂಲನಿವಾಸಿ ಸಾಮಿ ಜನದ ಮೀನುಗಾರ್ತಿ ರಿಸ್ತಿನ್ ತನ್ನ ದೋಣಿಯಿಂದ ಹಗ್ಗ ಎಳೆಯುತ್ತಿದ್ದಳು.

"ಕೈಲಿ ಕಸುವಿಲ್ವೇನೇ ಲಾಪ್ ಮುದುಕಿ? ಎಳಿ," ಗಣಿಯ ಮೇಸ್ತ್ರಿ ಸ್ತೈನಾರ್, ಸಾಮಿ ಜನರನ್ನು ಹೀಗಳೆಯುವ ಆ ಹೆಸರು ಹಿಡಿದು, ದೋಣಿಯಲ್ಲಿ ಕೂತೇ ಗದರಿಸಿದ.

ಬಲೆಚೀಲ ಮೇಲೆ ಬಂತು. ಒಳಗೆ ನೀರಿನ ಪರೀಕ್ಷೆಗೆಂದು ಚಳಿಗಾಲವಿಡೀ ಅಲ್ಲಿ ನೇತಾಡಿದ ಪಚ್ಚಿಲೆ, ಬಂಡೆಗಂಟಿ ಬೆಳೆಯುವ ಕಡಲ ಚಿಪ್ಪುಗಳು. ಲೋಹ ಮೈ ಸೇರಿದರೆ ಅದನ್ನು ಹಿಡಿದಿಡಲು ಪಚ್ಚಿಲೆ ಒಂದು ಪ್ರೋಟೀನ್ ತಯಾರಿಸುತ್ತದೆ. ಅದನ್ನು ಅಳೆಯಲು ಟ್ರೊಮ್ಸೋ ನಗರದ ಪ್ರಯೋಗಾಲಯದಿಂದ ಇಂಗ್ವಿಲ್ಡ್ ಬರುವವಳಿದ್ದಳು. ಮಿತಿ ಮೀರಿದ್ದರೆ ಕೊಳವೆ ಮುಚ್ಚಬೇಕು.

ದೋಣಿಯಲ್ಲಿ ಇನ್ನೊಂದು ಚೀಲವಿತ್ತು. ಅದು ಹೋಲಿಸಿ ನೋಡಲು ತಂದ, ಹೊರದ್ವೀಪದ ಶುದ್ಧ ನೀರಿನದು.

"ಇದರ ಚೀಟಿ ಅದಕ್ಕೆ ಕಟ್ಟು, ಅದರದು ಇದಕ್ಕೆ," ಅಂದ ಸ್ತೈನಾರ್.

"ಇದು ಮೋಸ ಅಲ್ವಾ?"

"ಚಿಪ್ಪು ಬಾಯ್ಬಿಟ್ಟು ಹೇಳ್ತದಾ? ನಾವು ಬಿಟ್ರೆ ನಿನ್ ದೋಣಿಗೆ ಕೆಲ್ಸ ಯಾರು ಕೊಡ್ತಾರೆ, ಮೀನುಗಳಾ?"

ಕೊಲ್ಲಿಯಲ್ಲಿ ಮೀನು ಸಿಗುವುದು ನಿಂತುಹೋಗಿತ್ತು. ಚುಕ್ಕಾಣಿ ಹಿಡಿದಿದ್ದ ತಮ್ಮ ಇಸ್ಸಾತ್, "ಕಟ್ಬಿಡಕ್ಕ," ಅಂದ, ಅವಳ ಮುಖ ನೋಡದೆ.

ಕಟ್ಟಿದಳು.

ದೋಣಿ ಕಟ್ಟುವ ಧಕ್ಕೆಯ ಮೇಲೆ ಇಂಗ್ವಿಲ್ಡ್ ಐಸ್ ಪೆಟ್ಟಿಗೆ ತೆರೆದಿಟ್ಟು ಕಾಯುತ್ತಿದ್ದಳು. ಸ್ತೈನಾರ್ ಅವಳಿಗೆ ಕಾಫಿ ಬಗ್ಗಿಸಿಕೊಟ್ಟ.

"ಕೆಸರು ಕಂಡ್ರೆ ವಿಷ ಅಂತಾರೆ ಮೇಡಂ, ಈ ಸಾಮಿ ಜನ. ಇವ್ರು ಒಂದ್ಸಲ ಸ್ನಾನ ಮಾಡುದ್ರೆ ಕೊಲ್ಲಿ ಅದಕ್ಕಿಂತ ಕೆಡ್ತದೆ."

ಇಂಗ್ವಿಲ್ಡ್ ನಗಲಿಲ್ಲ. ಮೊದಲ ಚಿಪ್ಪಿಗೆ ಚಾಕು ಹಾಕಿದಳು.

"ತಡೀರಿ," ಅಂದಳು ರಿಸ್ತಿನ್. "ಚೀಟಿ ಅದಲು ಬದಲಾಗವೆ. ಇವ್ನು ಹೇಳ್ದ, ನಾನು ಕಟ್ದೆ."

"ಬಾಯ್ಮುಚ್ಚೇ ಸೂಳೆ," ಸ್ತೈನಾರ್ ಕೂಗಿದ.

ಇಂಗ್ವಿಲ್ಡ್ ಚಾಕು ಕೆಳಗಿಟ್ಟಳು. "ಹಾಗಾದ್ರೆ ಎರಡನ್ನೂ ತಗೊಳ್ಳೋಕಾಗಲ್ಲಮ್ಮ. ಯಾವುದು ಎಲ್ಲೀದು ಅಂತ ಖಾತ್ರಿ ಇಲ್ದೆ ಲೆಕ್ಕಕ್ಕೆ ಬರಲ್ಲ. ಹೊಸದಾಗಿ ತೂಗುಹಾಕ್ಬೇಕು. ಮುಂದಿನ ಚಳಿಗಾಲಕ್ಕೇ ಇನ್ನು."

"ಅಲ್ಲೀಗಂಟ ಕೊಳವೆ?"

"ಅದು ನಡೀತಿರುತ್ತೆ."

ಸ್ತೈನಾರ್ ಈಗ ನಕ್ಕ. "ನೀನು ಸುಳ್ಳು ಹೇಳುದ್ರೂ ನಮಗೇ ಲಾಭ, ನಿಜ ಹೇಳುದ್ರೂ ನಮಗೇ. ಕಾಫಿ ಕುಡಿತೀಯೇನೇ?"

ರಿಸ್ತಿನ್ ಕೊಳವೆಯ ಬಳಿಯಿಂದ ತಂದಿದ್ದ ಚೀಲ ಎತ್ತಿಕೊಂಡು ದೋಣಿಗಿಳಿದಳು. ಇಸ್ಸಾತ್ ಧಕ್ಕೆಯ ಮೇಲೇ ನಿಂತುಬಿಟ್ಟ. ಅವಳೊಬ್ಬಳೇ ಕೊಳವೆಯ ಬಳಿಗೆ ಹೋಗಿ ಚೀಲವನ್ನು ಹಳೆಯ ಹಗ್ಗಕ್ಕೇ ಕಟ್ಟಿ ನೀರಿಗೆ ಬಿಟ್ಟಳು. ಅದರ ಪಕ್ಕ ಲಂಗರು ಹಾಕಿ, ಎಂಜಿನ್ ಆರಿಸಿ ಕೂತಳು. ಗಣಿಯವರಿಬ್ಬರು ಬಂದು ಕರೆದರು. "ಈ ಚೀಲ ಇನ್ನು ಯಾರೂ ಬದಲ್ಸಂಗಿಲ್ಲ, ನಾನ್ ಕಾಯ್ತೀನಿ," ಅಂದಳು. ಏಳಲಿಲ್ಲ.

ಮಧ್ಯಾಹ್ನ ಗಣಿಯವರು ಕರೆಸಿದ ಪೊಲೀಸರು ಲಂಗರಿನ ಹಗ್ಗ ಕತ್ತರಿಸಿ, ಅವಳನ್ನೂ ದೋಣಿಯನ್ನೂ ಎಳೆದುಕೊಂಡು ಹೋದರು. ಚೀಲವನ್ನು ಯಾರೂ ಮುಟ್ಟಲಿಲ್ಲ. ಕೊಳವೆ ನಡೆಯುತ್ತಿತ್ತು.