ಹದಿನಾರು ಟ್ಯಾಪೆಟ್ಟು

"ಸಾವಕಾಶ ಕಾಕಾ, ಕೈ ಜಾರಿಸೀರಿ ಮತ್ತ," ಎಂದಳು ಪ್ರತಿಭಾ.

ಮೇಸ್ತ್ರಿ ಮಧುಕೇಶ್ವರ ಹಳೆಯ ಕಾರಿನ ಎಂಜಿನ್ನಿನ ಮುಂಬದಿಯಿಂದ, ವಾಲ್ವುಗಳನ್ನು ಎತ್ತಿ ಇಳಿಸುವ ಕ್ಯಾಮ್ ಶಾಫ್ಟನ್ನು ತಿರುಗಿಸುತ್ತ, ಗೇಣು ಗೇಣೇ ಹೊರಗೆ ಎಳೆಯುತ್ತಿದ್ದ. ಪೂರ್ತಿ ಬಂದ ಮೇಲೆ ಗೋಣಿಚೀಲದ ಮೇಲೆ ಮಲಗಿಸಿ, ಬಟ್ಟೆಯಿಂದ ಒರೆಸಿದ. ಉದ್ದನೆಯ ಕಬ್ಬಿಣದ ಮೈಮೇಲೆ ಹದಿನಾರು ಉಬ್ಬು, ಮೊಟ್ಟೆಯ ತುದಿಯ ಹಾಗೆ. ಅವುಗಳಲ್ಲಿ ಐದು ಸವೆದು ಸಪಾಟಾಗಿದ್ದವು. ಅವು ಹಾಗೇ ಇರುತ್ತವೆಂದು ಅವನಿಗೆ ನೋಡುವ ಮೊದಲೇ ಗೊತ್ತಿತ್ತು.

ಪ್ರತಿಭಾಳ ಅಜ್ಜ ಅಂದಾನಪ್ಪನವರು ಮುಂಬಯಿಯಿಂದ ತರಿಸಿದ ಇಂಪಾಲಾ ಕಾರು ಅದು. ಬನವಾಸಿ ರಸ್ತೆಯ ಅಕ್ಕಿ ಗಿರಣಿಯ ಹಿಂದೆ ನಲವತ್ತು ವರ್ಷ ತಗಡಿನ ಕೆಳಗೆ ನಿಂತಿತ್ತು. ಈಗ ಗಿರಣಿ ನೋಡಿಕೊಳ್ಳುತ್ತಿರುವವಳು ಪ್ರತಿಭಾ. ಕಾರು ಮತ್ತೆ ಓಡಬೇಕೆಂಬುದು ಅವಳ ಹಟ.

"ಎರಡು ನಮೂನಿ ಕ್ಯಾಮ್ ಸಿಗತಾವ ಕಾಕಾ," ಅವಳು ಮೊಬೈಲನ್ನು ಅವನ ಮೂಗಿನ ಹತ್ತಿರ ಹಿಡಿದಳು. "ಇದು ಮೊದಲಿನಂಥಾದ್ದ. ಇದು ರೋಲರಿಂದು, ಜೋರಿಂದು. ಇದನ್ನ ಹಾಕಿದ್ರ ನಿಂತಲ್ಲೇ ಹುಲಿ ಗುರುಗುಟ್ಟಿದಂಗ ಗುರುಗುಟ್ಟತೈತಂತ."

"ಹುಲಿ ಕಟ್ಕೊಂಡು ಶಿರಸಿ ಪ್ಯಾಟ್ಯಾಗ ಎಲ್ಲಿ ಹೊಕ್ಕಿ? ದೇವಿಕೆರಿ ತಿರುವಿನಾಗ ನಿಧಾನ ಮಾಡಿದಿ ಅಂದ್ರ ಕೆಮ್ಮಿ ನಿಂತುಬಿಡತೈತಿ. ಹಿಂದಿಂದ ನಾ ದೂಡಬೇಕೇನು, ಈ ವಯಸ್ಸಿನಾಗ?"

ಅವಳು ನಕ್ಕಳು. ಆಮೇಲೆ ದನಿ ಇಳಿಸಿದಳು. "ಆದ್ರ ಕ್ಯಾಮ್ ಮಾರೋ ಪುಣೆದವ್ರು ಒಂದು ಮಾತು ಕೇಳ್ಯಾರ್ರಿ. ಹಳೇ ಕ್ಯಾಮ್ ಯಾಕ ಹೋತು ಅಂತ. ಆಯಿಲ್ ಮುಟ್ಟದ ಹೋಗಿದ್ರ ಮೊದಲಿನಂಥಾದ್ದು ಹಾಕಬ್ಯಾಡ್ರಿ, ಬ್ಲಾಕ್ ಕೊರೆದು ಎಣ್ಣಿ ದಾರಿ ದೊಡ್ಡದು ಮಾಡಿ ರೋಲರ್ ಕೂಡಸ್ರಿ ಅಂತಾರ. ಡ್ರೈವರ ಆಯಿಲ್ ನೋಡದ ಓಡಿಸಿ ಕೆಡಿಸಿದ ಅಂತ ಅಜ್ಜ ಯಾವಾಗ್ಲೂ ಹೇಳ್ತಿದ್ದ. ಆವತ್ತು ಗ್ಯಾರೇಜಿನಾಗ ನೀವ ಇದ್ರಲ್ಲಾ. ಹೌದಲ್ರಿ? ಹೌದಂದ್ರ ಇವತ್ತ ರೋಲರ್ ಹೇಳಿಬಿಡ್ತೇನಿ."

'ಹೌದು' ಎಂದರೆ ಮುಗಿಯುತ್ತಿತ್ತು. ಆಯಿಲ್ ಇರಲಿಲ್ಲವೆಂದು ಅವನು ಒಮ್ಮೆ ಹೇಳಿಯೂ ಆಗಿತ್ತು.

ಆಗ ಅವನಿಗೆ ಇಪ್ಪತ್ತಮೂರು. ಎಂಜಿನ್ನಿನಲ್ಲಿ ಟಕಟಕ ಸದ್ದೆಂದು ಕಾರು ಅವನು ಕೆಲಸ ಕಲಿಯುತ್ತಿದ್ದ ಗ್ಯಾರೇಜಿಗೆ ಬಂದಿತ್ತು. ಉಸ್ತಾದರು ಹುಬ್ಬಳ್ಳಿಗೆ ಹೋಗಿದ್ದರು. ಕ್ಯಾಮಿನ ಒಂದೊಂದು ಉಬ್ಬಿನ ಮೇಲೂ ಒಂದೊಂದು ಟ್ಯಾಪೆಟ್ಟು, ಬೆರಳುದ್ದದ ಉಕ್ಕಿನ ತುಂಡು, ಕೂತು ಏಳುತ್ತ ಬೀಳುತ್ತ ಇರುತ್ತದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಆ ಉಬ್ಬಿಗೆ ಆ ಟ್ಯಾಪೆಟ್ಟೇ ಸರಿ ಎನ್ನುವ ಹಾಗೆ ಎರಡೂ ಒಗ್ಗಿರುತ್ತವೆ. ಬಿಚ್ಚಿದರೆ ಹಲಗೆಯ ತೂತುಗಳಲ್ಲಿ ಸಾಲಾಗಿ ನಿಲ್ಲಿಸಬೇಕು, ಎಲ್ಲಿಯದನ್ನು ಅಲ್ಲಿಗೇ ಹಾಕಬೇಕು, ಇಲ್ಲದಿದ್ದರೆ ಉಬ್ಬು ಸವೆದುಹೋಗುತ್ತದೆ. ಉಸ್ತಾದರು ಇದನ್ನು ನೂರು ಸಲ ಹೇಳಿದ್ದರು. ಮಧುಕೇಶ್ವರ ಹದಿನಾರನ್ನೂ ಒಂದೇ ಡಬ್ಬಿಗೆ ಸುರಿದು ಸೀಮೆಎಣ್ಣೆಯಲ್ಲಿ ತೊಳೆದ. ಕೈಗೆ ಬಂದದ್ದನ್ನು ಬಂದಲ್ಲಿ ಕೂಡಿಸಿದ. ಸಂಜೆಯೊಳಗೆ ಕಾರು ಬೇಕೆಂದು ಅಂದಾನಪ್ಪನವರ ಮನೆಯಿಂದ ಎರಡು ಸಲ ಜನ ಬಂದಿದ್ದರು.

ತಿಂಗಳು ತುಂಬುವುದರೊಳಗೆ ಯಲ್ಲಾಪುರದಿಂದ ಬರುವಾಗ ಕಾರು ದಾರಿಯಲ್ಲೇ ನಿಂತಿತು. ಎಳೆದು ತಂದರು. ಮಧುಕೇಶ್ವರ ಮೇಲಿನ ಮುಚ್ಚಳ ತೆಗೆದು ನೋಡಿದವನೇ ಇದು ತನ್ನ ಕೈಯ ತಪ್ಪೆಂದು ತಿಳಿದುಕೊಂಡ. ಡ್ರೈವರ್ ವೆಂಕಟ್ರಮಣ ಪಕ್ಕದಲ್ಲೇ ನಿಂತು, "ಆಯಿಲ್ ಎಷ್ಟಿದೆ ನೋಡು," ಎಂದ. ಮಧುಕೇಶ್ವರ ಆಯಿಲ್ ಕಡ್ಡಿ ಎಳೆದು ನೋಡಿದ. ಆಯಿಲ್ ಇತ್ತು. ವೆಂಕಟ್ರಮಣ ಬಗ್ಗಿ ನೋಡುವ ಮೊದಲೇ ಕಡ್ಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು, "ತಳಕ್ಕ ಹೋಗೇತಿ," ಎಂದ. ಹನ್ನೆರಡು ವರ್ಷ ಕಾರು ಓಡಿಸಿದವನ ಕೈಯಿಂದ ಅಂದಾನಪ್ಪನವರು ಗಿರಣಿಯ ಹಮಾಲರ ಎದುರೇ ಕೀಲಿ ಕಸಿದುಕೊಂಡರು.

"ಕಾಕಾ?" ಎಂದಳು ಪ್ರತಿಭಾ.

ಅವನು ಬ್ಲಾಕಿನ ಒಳಗೆ ಬೆರಳು ತೂರಿಸಿ ಬೇರಿಂಗನ್ನು ಸವರಿದ. "ಇಲ್ಲಿ ಮುಟ್ಟಿ ನೋಡವ್ವಾ."

"ನುಣ್ಣಗೈತಿ."

"ಆಯಿಲ್ ಇಲ್ಲದ ಓಡಿದ್ರ ಇದು ಮೊದಲ ಸುಡತಿತ್ತು. ಸುಟ್ಟಿಲ್ಲ. ಬ್ಲಾಕ್ ಕೊರೆಯೋದು ಬ್ಯಾಡ, ಹಳೇ ಕಬ್ಬಿಣ, ಬಿರುಕು ಬಿಡತೈತಿ. ಕ್ಯಾಮ್ ಮೊದಲಿನಂಥಾದ್ದ ತರಸು. ಅದರ ಜೋಡಿ ಹೊಸಾ ಟ್ಯಾಪೆಟ್ಟು ಹದಿನಾರು."

"ಮತ್ತ ಅಜ್ಜ ಹೇಳಿದ್ದು?"

"ಅಜ್ಜಗ ಹಂಗ ಹೇಳಿದಾಂವ ನಾನು." ಉಳಿದದ್ದನ್ನೂ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಸವೆದ ಉಬ್ಬುಗಳನ್ನೇ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದ.

ಪ್ರತಿಭಾ ಸವೆದ ಒಂದು ಉಬ್ಬಿನ ಮೇಲೆ ಬೆರಳಾಡಿಸಿದಳು. "ಅಜ್ಜ ತೀರಿಕೊಂಡಾಗ ವೆಂಕಟ್ರಮಣ ಅವ್ರು ಸಿದ್ದಾಪುರದಿಂದ ಬಂದಿದ್ರು," ಎಂದಳು. "ಒಳಗ ಬರ್ರಿ ಅಂದ್ರೂ ಬರಲಿಲ್ಲ. ಗೇಟಿನಾಗ ನಿಂತು ಕೈಮುಗಿದು ಹೋದ್ರು. ಯಾಕ ಅಂತ ನನಗ ತಿಳಿದಿರಲಿಲ್ಲ."

ಮೊಬೈಲಿನಲ್ಲಿ ಏನೋ ಒತ್ತಿದಳು. "ಮೊದಲಿನಂಥಾದ್ದ ಹೇಳೇನಿ. ಅದು ಬರೋದರೊಳಗ ನೀವು ಸಿದ್ದಾಪುರಕ್ಕ ಹೋಗಿ ಬರ್ರಿ. ಹೋಗಲಿಲ್ಲಂದ್ರ ಈ ಎಂಜಿನ್ ಬ್ಯಾರೇದವ್ರ ಕೂಡಸ್ತಾರ. ನಿಮ್ಮ ಕೈಲೆ ಬ್ಯಾಡ."

ಮರುದಿನ ಬೆಳಗಿನ ಬಸ್ಸಿಗೆ ಮಧುಕೇಶ್ವರ ಹೊರಟ. ದಾರಿಯುದ್ದಕ್ಕೂ ಮಾತು ಜೋಡಿಸುತ್ತಲೇ ಇದ್ದ. ಸಿದ್ದಾಪುರದಲ್ಲಿ ಇಳಿಯುವಾಗ ಒಂದೂ ನೆನಪಿರಲಿಲ್ಲ.

ವೆಂಕಟ್ರಮಣ ಅಂಗಳದಲ್ಲಿ ಅಳಿಯನ ಪಿಕಪ್ಪಿನ ಬಾನೆಟ್ಟು ಎತ್ತಿ ಬಗ್ಗಿದ್ದ. ಎಪ್ಪತ್ತು ದಾಟಿದರೂ ಬೆನ್ನು ನೆಟ್ಟಗಿತ್ತು. "ಓಹೋ, ಮೇಸ್ತ್ರಿ! ಎಂತಾ ಮಾರಾಯ, ಸತ್ತೇ ಹೋದ್ಯ ಅಂದ್ಕಂಡಿದ್ದೆ. ಬಾ ಬಾ."

"ಗಾಡಿಗೆ ಏನಾಗೇತಿ ವೆಂಕಟ್ರಮಣಣ್ಣ?"

"ಅದ್ಕೆ ಎಂತ ಆಗ್ತದೆ?" ಎನ್ನುತ್ತ ಒಳಗಿನಿಂದ ಅವನ ಹೆಂಡತಿ ಚೌಡಮ್ಮ ಬಂದಳು. "ಆಗಿದ್ದು ಇವರ ತಲಿಗೆ. ದಿನಾ ಬೆಳಿಗ್ಗೆ ಆಯಿಲ್ ನೋಡದು, ಮಧ್ಯಾಹ್ನ ಆಯಿಲ್ ನೋಡದು. ಮಗಳ ನಿಶ್ಚಯಕ್ಕೆ ಬಂದ ಬೀಗರ ಜೀಪನ್ನೂ ಬಿಡ್ಲಿಲ್ಲ. ಬೀಗರು, ಇವರು ಪೆಟ್ರೋಲ್ ಕದೀತಾರೆ ಅಂದ್ಕಂಡ್ರು!"

"ನೀ ಸುಮ್ನೆ ಚಾ ಮಾಡೆ," ಎಂದು ವೆಂಕಟ್ರಮಣ ನಕ್ಕ. ಅವಳು ಒಳಗೆ ಹೋದ ಮೇಲೆ ನಗು ನಿಂತಿತು. ಜಗಲಿಯ ಅಂಚಿನಲ್ಲಿ ಕೂತು, ಕೈಗೆ ಹತ್ತಿದ ಎಣ್ಣೆಯನ್ನು ತಿಕ್ಕುತ್ತ ಹೇಳಿದ. "ಅವಳಿಗೆ ತಮಾಷೆ. ನಂಗೆ ಆವತ್ತಿನಿಂದ ಬಿದ್ದ ಅಭ್ಯಾಸ. ಯಲ್ಲಾಪುರ ಬಿಡೂಕಿಂತ ಮೊದ್ಲು ಆಯಿಲ್ ನೋಡಿದ್ದೆ ಅಂತ್ಲೇ ನಂಗೆ ನೆನಪು. ಕಡ್ಡಿ ಎಳೆದಿದ್ದು, ಒರೆಸಿದ್ದು, ಎಲ್ಲಾ ಕಣ್ಣಿಗೆ ಕಟ್ಟಿದ ಹಾಂಗಿದೆ. ಆದ್ರೆ ನೀ ನೋಡ್ದಾಗ ಇರ್ಲಿಲ್ಲ. ನೋಡದೇ ಇದ್ದಿದ್ದನ್ನ ನೋಡಿದೆ ಅಂತ ಮನಸ್ಸು ಹೇಳಿದ್ರೆ, ಅಂಥವನು ಜನರನ್ನ ಕೂರಿಸ್ಕಂಡು ಗಾಡಿ ಓಡಿಸ್ಬಾರ್ದು. ಆಮೇಲೆ ಸ್ಟೇರಿಂಗ್ ಮುಟ್ಲೇ ಇಲ್ಲ ನಾನು."

ಪಕ್ಕದಲ್ಲಿ ಕೂತಿದ್ದ ಮಧುಕೇಶ್ವರ ಎದ್ದು ನಿಂತ. ಕೆಲಸ ಹೋಯಿತು, ಹೆಸರು ಕೆಟ್ಟಿತು ಎಂದಷ್ಟೇ ಅವನು ಇಷ್ಟು ವರ್ಷ ತಿಳಿದಿದ್ದ. ಈ ಮನುಷ್ಯನಿಗೆ ಅವನದೇ ಕಣ್ಣಿನ ಮೇಲಿದ್ದ ನಂಬಿಕೆಯನ್ನು ಕಿತ್ತುಕೊಂಡಿದ್ದೇನೆಂದು ತಿಳಿದಿರಲಿಲ್ಲ.

"ಆಯಿಲ್ ಇತ್ತು ವೆಂಕಟ್ರಮಣಣ್ಣ."

"ಎಂತ?"

"ಇತ್ತು. ನಾ ಸುಳ್ಳು ಹೇಳಿದ್ನಿ. ಟ್ಯಾಪೆಟ್ಟು ಅದಲು ಬದಲು ಹಾಕಿದ್ನಿ, ಅದಕ್ಕ ಕ್ಯಾಮ್ ಹೋತು. ನಿನ್ನ ತಪ್ಪಿರಲಿಲ್ಲ."

ವೆಂಕಟ್ರಮಣ ಬೈಯಲಿಲ್ಲ. ಎಣ್ಣೆ ತಿಕ್ಕುತ್ತಿದ್ದ ಕೈ ಮಾತ್ರ ನಿಂತಿತು. ಆಮೇಲೆ ಕೇಳಿದ.

"ಎಷ್ಟಿತ್ತು?"

"ಕಡ್ಡಿಯಾಗಿನ ಗೆರಿ ತನಕ."

"ಕೆಳಗಿನ ಗೆರೆಯಾ, ಮೇಲಿನ ಗೆರೆಯಾ?"

"ಮ್ಯಾಲಿನ ಗೆರಿ, ಪೂರ್ತಿ."

"ಮೇಲಿನ ಗೆರೆ," ಎಂದ ವೆಂಕಟ್ರಮಣ. ಸ್ವಲ್ಪ ತಡೆದು ಇನ್ನೊಮ್ಮೆ ಅಂದುಕೊಂಡ, ತುಟಿಯಲ್ಲೇ.

ಚೌಡಮ್ಮ ಎರಡು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಹೊರಗೆ ಬಂದು ಒಂದನ್ನು ಗಂಡನ ಪಕ್ಕದಲ್ಲಿ ಇಟ್ಟಳು. ಇನ್ನೊಂದು ಅವಳ ಕೈಯಲ್ಲೇ ಉಳಿಯಿತು. ಮಧುಕೇಶ್ವರ ಅಂಗಳದಲ್ಲಿ ನಿಂತೇ ಇದ್ದ. ಅವಳು ಹಿಡಿದ ಲೋಟದಲ್ಲಿ ಚಹಾ ಆರುತ್ತ, ನಿಧಾನಕ್ಕೆ ಕೆನೆ ಕಟ್ಟತೊಡಗಿತು.