ಕೊನೇ ಬೆಂಚಿನ ಹಕ್ಕು

ನಮ್ಮ ದೊಡ್ಡಮ್ಮ ರಂಗಕ್ಕೆ ಬಂದದ್ದು ಒಗೆದ ಬಟ್ಟೆಯ ಗಂಟು ಹೊತ್ತುಕೊಂಡು. ಅವಳ ತಾಯಿ, ಅಂದರೆ ನನ್ನ ಅಜ್ಜಿ, ಊರೂರು ತಿರುಗುವ ನಾಟಕ ಕಂಪನಿಯ ಬಟ್ಟೆ ಒಗೆಯುತ್ತಿದ್ದಳು. ರಾಣಿಯ ಪಾತ್ರದವಳು ಜ್ವರ ಬಂದು ಮಲಗಿದ ದಿನ, ಬಟ್ಟೆ ಕೊಡಲು ಹೋದ ಹುಡುಗಿಗೆ ರಾಣಿಯ ಮಾತೆಲ್ಲ ಬಾಯಿಪಾಠವಿರುವುದು ಬಯಲಾಯಿತು. ಅಮ್ಮ ಒಗೆದು ಒಣಗಿಸಿದ ಪೋಷಾಕನ್ನೇ ತೊಟ್ಟು ಮಗಳು ಸಿಂಹಾಸನ ಹತ್ತಿದಳು. ಆಮೇಲೆ ಅವಳನ್ನು ಇಳಿಸುವುದು ಯಾರ ಕೈಲೂ ಆಗಲಿಲ್ಲ.

ಆ ಕಂಪನಿಯಲ್ಲೊಂದು ಪದ್ಧತಿಯಿತ್ತು. ಮಾತು ತಲುಪದಿದ್ದರೆ ಕೊನೆಯ ಬೆಂಚಿನವರು "ಕೇಳಿಸ್ತಿಲ್ಲ!" ಎಂದು ಕೂಗಬಹುದು. ಕೂಗಿದರೆ ಆ ಮಾತನ್ನು ಮೊದಲಿಂದ ಹೇಳಲೇಬೇಕು. ಸಾಯುತ್ತಿರುವ ರಾಜನಾದರೂ ಸರಿ, ಎದ್ದು ಕೂತು, ಹೇಳಿ, ಮತ್ತೆ ಸಾಯಬೇಕು. ಮುಂದಿನ ಕುರ್ಚಿಯ ದೊಡ್ಡ ಮನುಷ್ಯರಿಗೆ ಆ ಹಕ್ಕಿರಲಿಲ್ಲ. ನನಗೆ ತಿಳಿದಂತೆ ಅವರಿಗಿಲ್ಲದ ಹಕ್ಕು ಅದೊಂದೇ.

ದೊಡ್ಡಮ್ಮ ಪ್ರತಿ ಆಟಕ್ಕೂ ಮುಂಚೆ ಹೋಗಿ ಆ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು: ಯಾವ ಕಂಬ ಅಡ್ಡ ಬರುತ್ತದೆ, ಯಾವ ಮೂಲೆ ಮಾತನ್ನು ನುಂಗುತ್ತದೆ ಎಂದು. "ಮುಂದೆ ಕೂತೋರು ನನ್ನ ನೋಡೋಕೆ ಬರ್ತಾರೆ ಕಣೇ. ಹಿಂದೆ ಕೂತೋರು ಕೇಳೋಕೆ ಬರ್ತಾರೆ," ಎನ್ನುತ್ತಿದ್ದಳು. ಅವಳ ಮಾತಿಗೆ ಒಮ್ಮೆಯೂ ಆ ಕೂಗು ಎದ್ದಿರಲಿಲ್ಲ.

ಸಿನಿಮಾಕ್ಕೆ ಹೋದ ಮೊದಲ ದಿನ ಅವಳು ಬಾಯಿ ತೆರೆದದ್ದೇ ತಡ, ಧ್ವನಿಮುದ್ರಣದವನು ಕಿವಿಗೆ ಹಾಕಿದ್ದನ್ನು ಕಿತ್ತೆಸೆದ.

"ಅಮ್ಮಾ, ಮೈಕು ನಿಮ್ಮ ತಲೆ ಮೇಲೇ ಇದೆ, ಪಕ್ಕದೂರಲ್ಲಿಲ್ಲ!" ಎಂದರು ನಿರ್ದೇಶಕರು.

"ಸರಿಯಪ್ಪಾ. ಹಾಗಾದ್ರೆ ಇಲ್ಲಿ ಕೊನೇ ಬೆಂಚು ಎಲ್ಲಿದೆ?"

ಮೇಲೆ, ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಲೈಟಿನವನೊಬ್ಬ ಕೂಗಿದ: "ನಾವೇ ಅಕ್ಕಾ, ಇಲ್ಲಿದೀವಿ!"

ಅಂದಿನಿಂದ ಅವಳು ದನಿ ತಗ್ಗಿಸಿದಳು, ಕಣ್ಣನ್ನಲ್ಲ. ಆಕೆ ಸಂಕಟದಲ್ಲಿ ದೇವರನ್ನು ಹುಡುಕುತ್ತಾರೆ ಎಂದು ವಿಮರ್ಶಕರು ಪುಟಗಟ್ಟಲೆ ಬರೆದರು. ಅವಳು ನೋಡುತ್ತಿದ್ದದ್ದು ಲೈಟಿನವನ ಸವೆದ ಚಪ್ಪಲಿಯನ್ನು.

ಸಿನಿಮಾದವರು ಅವಳ ಕೈಗೆ ಕೊಟ್ಟದ್ದು ಪೊರಕೆ, ಸೌಟು, ಬಿಕ್ಕುವ ಸೆರಗು. ನಾಯಕಿ ನಡುಮನೆಯಲ್ಲಿ ಎದೆ ಬಡಿದುಕೊಂಡು ಅಳುತ್ತಿದ್ದರೂ ಜನರ ಕಣ್ಣು ಮೂಲೆಯಲ್ಲಿ ಗುಡಿಸುವವಳ ಮೇಲೆಯೇ ಇರುತ್ತಿತ್ತು. ಅವಳ ಪಕ್ಕದಲ್ಲಿ ನಿಲ್ಲಲು ಎಷ್ಟೋ ನಾಯಕಿಯರು ಹಿಂಜರಿಯುತ್ತಿದ್ದರು.

ಕೂದಲು ಪೂರ್ತಿ ಬೆಳ್ಳಗಾದ ಮೇಲೆ ಅದೇ ನಿರ್ದೇಶಕರು ಅವಳಿಗೊಂದು ಮುಖ್ಯ ಪಾತ್ರ ತಂದರು. ದೊಡ್ಡ ಲಾಂಡ್ರಿಯೊಂದರ ಕೆಲಸದವಳು. ಯಂತ್ರಕ್ಕೆ ಸಿಕ್ಕಿ ಕೈ ಜಜ್ಜಿಹೋದಾಗ ಮಾಲೀಕನ ಕೋಣೆಗೆ ನುಗ್ಗಿ ನ್ಯಾಯ ಕೇಳುತ್ತಾಳೆ. ಕಥೆ ಓದಿ ಮುಗಿಸಿದ ದೊಡ್ಡಮ್ಮ ನನ್ನನ್ನು ಕರೆದಳು.

"ನಮ್ಮಮ್ಮ ಕಣೇ ಇವಳು. ಅವಳು ಕೊನೇವರೆಗೂ ಆಡದೇ ಉಳಿದ ಮಾತು ಇದು. ನನ್ನ ಬಾಯಲ್ಲಾದ್ರೂ ಬರ್ಲಿ."

ಚಿತ್ರೀಕರಣ ಮುಗಿದ ಮೇಲೆ ನಿರ್ಮಾಪಕ ಕರೆಸಿದ. "ಮುಖ ನಿಮ್ಮದೇ ಇರ್ಲಿ ಅಮ್ಮಾ. ದನಿ ಮಾತ್ರ ಸ್ವಲ್ಪ ಒರಟು. ಬೇರೆ ಹುಡುಗಿ ಕೈಲಿ ಹೇಳಿಸಿದೀವಿ. ಮನೆಮಂದಿಯೆಲ್ಲ ಕೂತು ನೋಡೋ ಚಿತ್ರ ಅಲ್ವಾ?"

"ಯಾರ ಮನೆಮಂದಿ?" ಎಂದಳು. ಅವನು ನಕ್ಕ.

ದುಡಿಯುವವರ ಮುಖ ಇವರಿಗೆ ಬೇಕು. ಬೆವರು ಬೆಳಕಿಗೆ ಹೊಳೆಯುತ್ತದೆ, ಸುಕ್ಕು ಚೆನ್ನಾಗಿ ಮೂಡುತ್ತದೆ. ಅದೇ ಮುಖ ಬಾಯಿ ಬಿಟ್ಟರೆ ಮಾತ್ರ ಇವರ ಕಿವಿಗೆ ಕಾದ ಸೀಸ.

ಚಿತ್ರವನ್ನು ಮೊದಲು ತಮ್ಮವರಿಗೇ ತೋರಿಸುವ ಮಧ್ಯಾಹ್ನ ನಾನೂ ಜೊತೆಗೆ ಹೋದೆ. ಮೆತ್ತನೆಯ ಕುರ್ಚಿಗಳಲ್ಲಿ ನಿರ್ಮಾಪಕ, ಹಂಚಿಕೆದಾರರು, ಅವರ ನೆಂಟರು. ಹಿಂದೆ ಮರದ ಬೆಂಚಿನ ಮೇಲೆ ಲೈಟಿನವರು, ಬಡಗಿಗಳು, ದರ್ಜಿ. ದೊಡ್ಡಮ್ಮ ತನಗಿಟ್ಟಿದ್ದ ಕುರ್ಚಿ ಬಿಟ್ಟು ಬೆಂಚಿಗೆ ಬಂದಳು.

ಮಾಲೀಕನ ಕೋಣೆಯ ದೃಶ್ಯ ಬಂತು. ತೆರೆಯ ಮೇಲೆ ದೊಡ್ಡಮ್ಮ ಬಾಯಿ ತೆರೆದಳು, ಹೊರಟದ್ದು ಸಕ್ಕರೆಪಾಕ. ಕೇಳಬೇಕಾದ ಮಾತು ಬೇಡುವ ಮಾತಾಗಿತ್ತು. ಪಕ್ಕದಲ್ಲಿದ್ದ ದೊಡ್ಡಮ್ಮ ಹಿಡಿದಿದ್ದ ನನ್ನ ಮಣಿಕಟ್ಟು ಬಿಟ್ಟಳು. ಮರುಕ್ಷಣ ಎದ್ದು ನಿಂತಳು.

"ಕೇಳಿಸ್ತಿಲ್ಲ!"

ನಿರ್ಮಾಪಕ ಹಿಂದಿರುಗಿ ನೋಡಲೂ ಇಲ್ಲ. "ಏಯ್, ಸೌಂಡ್ ಜಾಸ್ತಿ ಕೊಡ್ರೋ," ಎಂದ. ಪಾಕ ಇಮ್ಮಡಿಯಾಗಿ ಸುರಿಯಿತು.

"ಇನ್ನೂ ಕೇಳಿಸ್ತಿಲ್ಲ ಅಕ್ಕಾ!" ಪಕ್ಕದ ಮುದುಕ ಲೈಟಿನವ ಕೂಗಿದ. ಹಿಂದೆಯೇ ದರ್ಜಿ, ಬಡಗಿಗಳು, ಇಡೀ ಬೆಂಚು.

ನಿರ್ದೇಶಕರಿಗೆ ಅವಳ ನಾಟಕದ ಕಥೆಗಳೆಲ್ಲ ಗೊತ್ತಿದ್ದವು. ಎದ್ದು ಯಂತ್ರದ ಕೋಣೆಯತ್ತ ಕೈಯೆತ್ತಿದರು. "ಮೊದಲಿಂದ ಹಾಕಿ. ದನಿ ಬೇಡ."

"ರೀ, ಏನ್ರೀ ಇದು?" ನಿರ್ಮಾಪಕ ಕೆಂಡವಾದ.

"ಕೊನೇ ಬೆಂಚು ಕೇಳ್ತಿದೆ ಸಾರ್. ಹೇಳಲೇಬೇಕು."

ಮೂಕಚಿತ್ರ ಓಡಿತು. ತೆರೆಯ ಮೇಲಿನ ತುಟಿ ಬಿಚ್ಚಿದ ಗಳಿಗೆಗೇ ದೊಡ್ಡಮ್ಮ ಬೆಂಚಿನಿಂದ ಹೇಳಿದಳು:

"ಈ ಕೈ ನೋಡಿ ಧಣಿ. ನಿಮ್ಮ ಕಲೆಯೆಲ್ಲ ತೆಗೆದಿದ್ದು ಇದೇ. ಈಗ ಇದರ ರಕ್ತ ನಿಮ್ಮ ಬಿಳೀ ಬಟ್ಟೆ ಮೇಲಿದೆ. ಯಾರ ಕೈಲಿ ಒಗೆಸ್ತೀರಿ?"

ತೆರೆಯ ಮೇಲಿನ ತುಟಿಗೂ ಅವಳ ದನಿಗೂ ಒಂದು ಉಸಿರಿನಷ್ಟೂ ಆಚೀಚೆಯಾಗಲಿಲ್ಲ. ಮುಂದೆ ಮುಖ, ಬೆನ್ನ ಹಿಂದೆ ದನಿ. ಕುರ್ಚಿಯವರು ನಡುವೆ ಸಿಕ್ಕಿಬಿದ್ದರು. ಯಾರೂ ತಿರುಗಲಿಲ್ಲ. ಹಿಂದಕ್ಕೆ ಒರಗಿ ಆ ದನಿಗೆ ಬೆನ್ನು ಕೊಡುವುದೂ ಅವರಿಂದಾಗಲಿಲ್ಲ, ಕುರ್ಚಿಯ ತುದಿಗೆ ಸರಿದು ಕೂತರು.

ದೃಶ್ಯ ಮುಗಿದಾಗ ಮೂಲೆಯಿಂದ ಎದ್ದವಳು ದನಿ ಕೊಟ್ಟಿದ್ದ ಹುಡುಗಿ. "ಸಾರ್, ನನ್ನದು ತೆಗೆದುಬಿಡಿ. ಅಮ್ಮಂದೇ ಇಡಿ."

"ಒರಟು..." ಎಂದು ನಿರ್ಮಾಪಕ ಶುರುಮಾಡಿದ.

"ಇರ್ಲಿ ಬಿಡ್ರೀ," ಕಣ್ಣೊರೆಸಿಕೊಳ್ಳುತ್ತಿದ್ದ ಹಂಚಿಕೆದಾರ ಗದರಿದ. "ಒರಟಾಗೇ ಇರ್ಲಿ!"

ದೊಡ್ಡಮ್ಮ ಆ ಹುಡುಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ನಿನ್ನ ಗಂಟಲು ಚೆನ್ನಾಗಿದೆ ಮಗಾ. ಇವರಿಗಾಗಿ ಅದನ್ನ ತೆಳ್ಳಗೆ ಮಾಡ್ಕೋಬೇಡ."

ಚಿತ್ರ ತೆರೆಕಂಡ ದಿನ ಎಲ್ಲಕ್ಕಿಂತ ಅಗ್ಗದ ಟಿಕೆಟ್ ಕೊಂಡು ಕೊನೆಯ ಸಾಲಿನಲ್ಲಿ ಕೂತೆವು. ಮಾಲೀಕನ ಕೋಣೆಯ ದೃಶ್ಯ ಬಂತು. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿನತ್ತ ಬಾಗಿ ಕೇಳಿದಳು: "ಕೇಳಿಸ್ತಾ ಇದೆಯಾ ತಾಯಿ?"

ಆ ಹೆಂಗಸು ತೆರೆಯಿಂದ ಕಣ್ಣು ಕೀಳದೆ ಸಿಡುಕಿದಳು.

"ಸುಮ್ನಿರಮ್ಮಾ! ಅವಳ ಮಾತು ಕೇಳೋಕೆ ಬಿಡು."